ನಿರಾಕಾರ ಭೂತದ ಜಮಾ-ಖರ್ಚು: ಒಂದು ಶಾಸ್ತ್ರೀಯ ಜಿಜ್ಞಾಸೆ

ಭೂತ ಉಂಟೋ ಇಲ್ಲವೋ ಎಂಬ ಚರ್ಚೆ ಹಳೆಯದು. ಭೂತ ಇದ್ದದ್ದೇ ಆದರೆ ಅದರ ಖರ್ಚು ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆಯನ್ನು ಮಾತ್ರ ಯಾವ ದರ್ಶನಕಾರರೂ ಎತ್ತಿದಂತಿಲ್ಲ. ವಿದ್ವತ್ ಲೋಕದ ಈ ಘೋರ ಲೋಪವನ್ನು ಸರಿಪಡಿಸಲೆಂದೇ ಪ್ರಸ್ತುತ ಪ್ರಬಂಧ. ಆಕರ, ಆರ್ಥರ್ ಕ್ರ್ಯಾಬ್‌ಟ್ರೀ ನಿರ್ದೇಶನದ 1958ರ ಕಪ್ಪು-ಬಿಳುಪು ಬ್ರಿಟಿಷ್ ಚಿತ್ರ ‘ಫೀಂಡ್ ವಿದೌಟ್ ಎ ಫೇಸ್’. ತಗುಲಿದ ವೆಚ್ಚ ಸುಮಾರು 50,000 ಪೌಂಡ್. ಅದರ ಮೂಲ, ಅಮೀಲಿಯಾ ರೆನಾಲ್ಡ್ಸ್ ಲಾಂಗ್ ಎಂಬ ಅಮೆರಿಕದ ಲೇಖಕಿ 1930ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ‘ದ ಥಾಟ್ ಮಾನ್‌ಸ್ಟರ್’ ಎಂಬ ಸಣ್ಣಕತೆ.

ಮೊದಲು ದೇಶ-ಕಾಲ ವಿಚಾರ. ಕತೆ ನಡೆಯುವುದು ಕೆನಡಾದ ಮ್ಯಾನಿಟೋಬಾದಲ್ಲಿ, ಅಮೆರಿಕದ ವಾಯುನೆಲೆಯ ಸುತ್ತ. ಚಿತ್ರೀಕರಣ ನಡೆದದ್ದು ಇಂಗ್ಲೆಂಡಿನಲ್ಲಿ. ಆಕಾಶದಲ್ಲಿ ಹಾರುವ ಜೆಟ್ ವಿಮಾನಗಳು ಯಾವುದೋ ಹಳೆಯ ರೀಲಿನವು. ಹೀಗೆ ಮೂರು ದೇಶಗಳು ಒಂದು ಬಡ ಬಜೆಟ್ಟಿನಲ್ಲಿ ಸಂಸಾರ ಹೂಡಿವೆ. ನೆಲೆಯ ರಾಡಾರ್ ನಡೆಯುವುದು ಪರಮಾಣು ಸ್ಥಾವರದ ಬಲದಿಂದ. ಈ ಸ್ಥಾವರ ಪ್ರಕ್ಷಿಪ್ತ ಎಂಬುದರಲ್ಲಿ ಸಂಶಯವಿಲ್ಲ: ಮೂಲಕತೆ ಅಚ್ಚಾದಾಗ ಜಗತ್ತಿನ ಮೊದಲ ರಿಯಾಕ್ಟರ್ ಹುಟ್ಟಲು ಇನ್ನೂ 12 ವರ್ಷ ಬಾಕಿ ಇತ್ತು. ಊರ ರೈತರಿಗೆ ಈ ಪಾಠಾಂತರದ ಚಿಂತೆಯಿಲ್ಲ. ಹಸುಗಳು ಬೆದರುತ್ತಿವೆ, ಹಾಲಿಗೆ ಸಂಚಕಾರ ಬಂದಿದೆ ಎಂಬುದೇ ಅವರ ತಕರಾರು.

ಅಷ್ಟರಲ್ಲಿ ಜನ ಒಬ್ಬೊಬ್ಬರಾಗಿ ಸಾಯತೊಡಗುತ್ತಾರೆ. ಶವ ಕೊಯ್ದು ನೋಡಿದರೆ ಒಳಗೆ ಮಿದುಳೂ ಇಲ್ಲ, ಬೆನ್ನುಹುರಿಯೂ ಇಲ್ಲ; ಕತ್ತಿನ ಹಿಂದೆ ಎರಡು ಸಣ್ಣ ತೂತು ಮಾತ್ರ. ಕಾರಣಪುರುಷ ಪ್ರೊಫೆಸರ್ ವಾಲ್‌ಗೇಟ್. ಯೋಚನೆಯಿಂದಲೇ ವಸ್ತು ಸರಿಸುವ ಪ್ರಯೋಗಕ್ಕೆ ಈತ ನೆಲೆಯ ಪರಮಾಣು ಶಕ್ತಿಯನ್ನು, ಲೈನಿಗೆ ಕೊಕ್ಕೆ ಹಾಕಿದಂತೆ, ಸದ್ದಿಲ್ಲದೆ ಎಳೆದುಕೊಂಡಿದ್ದಾನೆ. ಆ ಯೋಚನೆಯೇ ಭೂತವಾಗಿ ಎದ್ದು ಹೊರಟಿದೆ, ಕಣ್ಣಿಗೆ ಕಾಣದ ಹಾಗೆ.

ಇಲ್ಲಿ ಪೂರ್ವಪಕ್ಷ: ಯೋಚನೆಗೆ ರೂಪವಿಲ್ಲ, ಆದ್ದರಿಂದ ಯೋಚನೆಯಿಂದ ಹುಟ್ಟಿದ ಭೂತಕ್ಕೂ ರೂಪವಿಲ್ಲ. ಸಿದ್ಧಾಂತ: ನಿರ್ಮಾಪಕರ ಕೈಯಲ್ಲಿ ಕಾಸಿಲ್ಲ, ಆದ್ದರಿಂದ ಭೂತಕ್ಕೆ ರೂಪವಿಲ್ಲ. ಪ್ರತ್ಯಕ್ಷವು ಪ್ರಮಾಣಗಳಲ್ಲೆಲ್ಲ ದುಬಾರಿ, ಅನುಮಾನ ಅಗ್ಗ, ಶಬ್ದವಂತೂ ಬಿಟ್ಟಿಗೆ ಸಮ. ಹುಲ್ಲು ಅಲುಗಿತು, ಆದ್ದರಿಂದ ಭೂತ ಬಂತು. ಡಬ್ ಡಬ್ ಎಂದಿತು, ಲೊಚ್ ಎಂದಿತು, ಆದ್ದರಿಂದ ಹತ್ತಿರವೇ ಬಂತು. ನಟ ತನ್ನ ಕತ್ತನ್ನು ತಾನೇ ಹಿಡಿದುಕೊಂಡು, ಕಣ್ಣು ಕಿಸಿದು, ಚೀರಿ ಬೀಳುತ್ತಾನೆ. ಭೂತಕ್ಕೆ ಸಂಬಳವಿಲ್ಲ, ಅದರ ಕೆಲಸವನ್ನೂ ಸಾಯುವವನೇ ಮಾಡಿಕೊಳ್ಳಬೇಕು. ಚಿತ್ರದ ಬಹುಭಾಗ ಸಾಗುವುದು ಈ ವ್ಯವಸ್ಥೆಯಲ್ಲೇ.

ಕೊನೆಗೆ ಸ್ಥಾವರದ ಶಕ್ತಿ ಏರಿದಾಗ ಭೂತಗಳು ಕಾಣಿಸಿಕೊಳ್ಳುತ್ತವೆ. ಅಲ್ಲಿಯವರೆಗೆ ಉಳಿಸಿದ ಹಣವೆಲ್ಲ ಇಲ್ಲಿ ಹೊರಬಿತ್ತೆಂದು ನಮ್ಮ ಮತ. ನಾರ್ಡ್‌ಹಾಫ್ ಮತ್ತು ರುಪ್ಪೆಲ್ ಎಂಬಿಬ್ಬರು ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚೌಕಟ್ಟು ಸೆರೆಹಿಡಿಯುವುದು, ಮತ್ತೆ ಸರಿಸುವುದು, ಹೀಗೆ ಅವಕ್ಕೆ ಜೀವ ಕೊಟ್ಟರು. ಬರಿಯ ಮಿದುಳು, ಅದಕ್ಕೆ ಬಾಲವಾಗಿ ಬೆನ್ನುಹುರಿ, ಮುಂದೆ ಎರಡು ಮೀಸೆ. ಕಂಬಳಿಹುಳದ ಹಾಗೆ ಡೊಂಕಾಗಿ ತೆವಳಿ ಬಂದು, ಕಿಟಕಿಗೆ ಹೊಡೆದ ಹಲಗೆಗಳ ಸಂದಿಯಲ್ಲಿ ನುಗ್ಗಿ, ಛಂಗನೆ ಕತ್ತಿಗೆ ಹಾರುತ್ತವೆ. ಗುಂಡು ತಗುಲಿದರೆ ಗೊಳಗೊಳ ಎಂದು ಕಪ್ಪು ರಕ್ತ ಕಕ್ಕುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು. ಇವಕ್ಕೆ ಕಾಲೇ ಇಲ್ಲವಾದ್ದರಿಂದ ಗಾದೆಗೆ ಭಂಗವಿಲ್ಲ. ಬ್ರಿಟನ್ನಿನ ಸೆನ್ಸಾರ್ ಮಂಡಳಿ ಬೆದರಿ ಕತ್ತರಿಯಾಡಿಸಿ, ‘ಎಕ್ಸ್’ ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಂಡಿತು.

ಶಾಸ್ತ್ರಕಾರರು ಕಕ್ಕಾಬಿಕ್ಕಿಯಾಗುವ ಸ್ಥಳ ಉಪಸಂಹಾರದಲ್ಲಿದೆ. ಸ್ಥಾವರವನ್ನು ನಿಲ್ಲಿಸುವ ಕಡ್ಡಿಗಳನ್ನೇ ಭೂತಗಳು ಮುರಿದಿವೆ. ವಾಯುನೆಲೆಯ ಅಧಿಕಾರಿ ಮೇಜರ್ ಕಮಿಂಗ್ಸ್ ಡೈನಮೈಟ್ ಇಟ್ಟು ಕಂಟ್ರೋಲ್ ರೂಮನ್ನು ಹಾರಿಸಿಬಿಡುತ್ತಾನೆ. ಭೂತಗಳು ಕರಗಿ ನೀರಾಗುತ್ತವೆ, ಊರು ಉಳಿಯುತ್ತದೆ. ಪರಮಾಣು ಸ್ಥಾವರಕ್ಕೆ ಮದ್ದಿಟ್ಟ ಮೇಲೆ ಹಸುಗಳ ಹಾಲು ಏನಾಯಿತು ಎಂಬ ಬಗ್ಗೆ ಚಿತ್ರ ಮೌನ.

ಈ ಚಿತ್ರವನ್ನು 2001ರಲ್ಲಿ ಡಿವಿಡಿಯಾಗಿ ಹೊರತಂದದ್ದು ಕುರೊಸಾವಾ, ಬರ್ಗ್‌ಮನ್ ಅವರ ಚಿತ್ರಗಳನ್ನು ಜೋಪಾನವಾಗಿ ಪ್ರಕಟಿಸುವ ಕ್ರೈಟೀರಿಯನ್ ಸಂಸ್ಥೆ. ಅಂದಮೇಲೆ ನಮ್ಮ ಅಧ್ಯಯನವನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ. ತೀರ್ಪು ಇಷ್ಟು: ಕೊನೆಯ ಕಾಲು ಗಂಟೆಯನ್ನು ಅವಶ್ಯ ನೋಡತಕ್ಕದ್ದು. ನಡುವೆ ಬರುವ ಮೇಜರ್ ಸಾಹೇಬರ ಪ್ರೇಮಪ್ರಕರಣದ ಬಗ್ಗೆ ಬೇಕಾದರೆ ಬೇರೆ ಯಾರಾದರೂ ಪಿಎಚ್‌.ಡಿ. ಮಾಡಿಕೊಳ್ಳಲಿ.