ಪಳಗಿದ್ದು ಯಾರಿಗೆ?

ಸೈಕಲ್ ಬಗ್ಗೆ ನನ್ನದೇನೂ ತಕರಾರಿಲ್ಲ ರಾಯರೇ. ನಾಟಿಂಗ್‌ಹ್ಯಾಮ್‌ನ ರ್ಯಾಲಿ, ರಾಡ್ ಬ್ರೇಕು, ಪೂರಾ ಮುಚ್ಚಿದ ಚೈನ್ ಕೇಸು, ಬೀದಿಗೇ ಲಕ್ಷಣ. ಆದ್ರೆ ಸೀಟಿಗೆ ಅಂತ ಮಾರಿದೋನು ಬೇರೆ ದುಡ್ಡು ಇಸ್ಕೊಂಡ ಅಂದ್ರಲ್ಲ, "ಚೆನ್ನಾಗಿ ಪಳಗಿರೋ ಬ್ರೂಕ್ಸ್ ಸಾರ್" ಅಂತ, ಅದು ನನಗೆ ಗಂಟಲಲ್ಲಿ ಇಳೀತಿಲ್ಲ. ಪಳಗಿದೆ, ಸರಿ. ಯಾರಿಗೆ?

ಇಲ್ಲಿ ತನ್ನಿ, ಕಾಂಪೌಂಡಿಗೆ ಒರಗಿಸಿ. ಹಿಂದುಗಡೆ ಎರಡು ಗುಳಿ ಕಾಣ್ತಾವಲ್ಲ, ಅವು ಹಳೇ ಯಜಮಾನನ ಮೂಳೆ ಊರಿದ ಜಾಗ. ಎಡಗಡೇದು ಆಳ, ಬಲಗಡೇದು ಅಷ್ಟಕ್ಕಷ್ಟೆ. ಪುಣ್ಯಾತ್ಮ ಒಂದು ಪಕ್ಕಕ್ಕೆ ವಾಲಿಕೊಂಡೇ ತುಳೀತಿದ್ದ ಅಂತ ಕಾಣುತ್ತೆ. ಇನ್ಮೇಲೆ ನೀವೂ ವಾಲಬೇಕು.

ಈ ಸೀಟಿನೊಳಗೆ ಹತ್ತಿ ಇಲ್ಲ, ಸ್ಪಂಜೂ ಇಲ್ಲ. ದಪ್ಪ ಚರ್ಮದ ಒಂದೇ ತುಂಡು. ಹಿಂದಿನ ಉಕ್ಕಿನ ಪಟ್ಟಿಯಿಂದ ಮುಂದಿನ ಮೂತಿವರೆಗೆ ಎಳೆದು ರಿವೆಟ್ ಹೊಡೆದಿರ್ತಾರೆ, ಜೋಲಿ ಕಟ್ಟಿದ ಹಾಗೆ. ನಡುವೆ ಆಸರೆ ಇಲ್ಲದ್ದರಿಂದಲೇ ಕೂತವರ ಭಾರಕ್ಕೆ, ಬೆವರಿಗೆ ಚರ್ಮ ನಿಧಾನವಾಗಿ ತಗ್ಗಿ, ತಗ್ಗಿದ ಆಕಾರದಲ್ಲೇ ನಿಲ್ಲೋದು. ಅದಕ್ಕೆ ಮರದ ತೊಗಟೆಯಂಥ ಗಿಡಮೂಲದ ಸಾರದಲ್ಲಿ ಹದ ಮಾಡಿದ ಚರ್ಮವೇ ಆಗಬೇಕು. ನಮ್ಮ ಕಡೆ ತಂಗಡಿ ತೊಗಟೇಲಿ ಹದ ಮಾಡ್ತಿದ್ರಲ್ಲ, ಆ ಜಾತಿ. ಕ್ರೋಮ್‌ನಲ್ಲಿ ಹದ ಮಾಡಿದ ಮೆತ್ತನೇ ಚರ್ಮ ಬಿಗಿದರೆ ಜೋತು ಬೀಳುತ್ತೆ, ಅಷ್ಟೆ.

ಈ ಸೀಟು ಹುಟ್ಟಿದ ಕಥೆಯನ್ನೂ ಕೇಳಿ. ಜಾನ್ ಬೋಲ್ಟ್‌ಬೀ ಬ್ರೂಕ್ಸ್ ಅನ್ನೋನು ಬರ್ಮಿಂಗ್‌ಹ್ಯಾಮ್‌ನಲ್ಲಿ 1866ರಲ್ಲಿ ತೆರೆದಿದ್ದು ಕುದುರೆ ಸಾಮಾನಿನ ಅಂಗಡಿ. ಅವನ ಕುದುರೆ ಸತ್ತು, ಇನ್ನೊಂದು ಕೊಳ್ಳೋಕೆ ಕೈಲಾಗದೆ ಯಾರದೋ ಸೈಕಲ್ ಎರವಲು ತಂದನಂತೆ. ಆ ಸೀಟಿನ ಮೇಲೆ ಕೂತ ಯಾತನೆಯಿಂದ ಈ ಸೀಟು ಹುಟ್ಟಿತು ಅಂತ ಕಂಪನಿಯವರೇ ಹೇಳೋದು. 1882ರಲ್ಲಿ ಪೇಟೆಂಟ್ ಆಯ್ತು. ಹತ್ತೊಂಬತ್ತನೇ ಶತಮಾನದ ಕೊನೇಲಿ ಬಂದ ಬಿ-17 ಅನ್ನೋ ನಮೂನೆ ಇವತ್ತಿಗೂ ತಯಾರಾಗ್ತಿದೆ. ದುಬಾರಿ ನಮೂನೆಗಳಿಗೆ ದೊಡ್ಡ ತಾಮ್ರದ ರಿವೆಟ್ಟನ್ನ ಈಗಲೂ ಕೈಯಲ್ಲೇ ಸುತ್ತಿಗೆ ಹಿಡಿದು ಬಡೀತಾರೆ. ಇಷ್ಟು ಹೊತ್ತು ಕುದುರೆ ಕಥೆ ಹೇಳಿದ್ದಕ್ಕೆ ಕ್ಷಮಿಸಿ, ವಿಷಯಕ್ಕೆ ಬರ್ತೀನಿ.

ಹಳೇ ಸೀಟು ಪರೀಕ್ಷೆ ಮಾಡೋದು ಮೇಲಿಂದ ಅಲ್ಲ, ಕೆಳಗಿಂದ. ತಲೆಕೆಳಗು ಮಾಡಿ. ರಿವೆಟ್ ಸುತ್ತ ಸೀಳು ಬಿಟ್ಟಿದೆಯಾ ನೋಡಿ. ಸೀಳಿದ್ರೆ ಆ ಕ್ಷಣವೇ ವಾಪಸ್. ಮೂತಿ ಒಳಗೆ ಒಂದು ಬೋಲ್ಟ್ ಇದೆ, ಚರ್ಮ ಸಡಿಲಾದ್ರೆ ಬಿಗಿಯೋಕೆ. ಅದರ ಥ್ರೆಡ್ ಪೂರಾ ಮುಗಿದಿದ್ರೆ ಸೀಟಿನ ಆಯಸ್ಸೂ ಮುಗಿದ ಹಾಗೆ. ನಿಮ್ಮದರಲ್ಲಿ ಇನ್ನೂ ಉಳಿದಿದೆ, ಆದರೆ ಸ್ಪ್ಯಾನರ್ ಸಿಕ್ಕಿತು ಅಂತ ತಿರುಗಿಸ್ತಾ ಕೂರಬೇಡಿ. ಜಾಸ್ತಿ ಬಿಗಿದ್ರೆ ಚರ್ಮ ರಿವೆಟ್ ಹತ್ರಾನೇ ಕಿತ್ಕೊಳ್ಳುತ್ತೆ.

ಆಮೇಲೆ ಅಗಲ. ನಿಮ್ಮದು ನೆಟ್ಟಗೆ ಕೂರೋ ಸೈಕಲ್, ಮೈ ಭಾರವೆಲ್ಲ ಸೀಟಿನ ಮೇಲೇ. ಅದಕ್ಕೆ ಹಿಂದೆ ಸ್ಪ್ರಿಂಗ್ ಇರೋ ಅಗಲದ ಸೀಟೇ ಸರಿ; ಬಿ-66 ಮಾಡಿದ್ದೇ ಈ ಥರ ಕೂರೋರಿಗೆ. ಬಗ್ಗಿ ಓಡಿಸೋರು ಒಂದಿಷ್ಟು ಭಾರ ಕೈಗೆ ಹಾಕ್ತಾರೆ, ಅವರಿಗೆ ಸಣ್ಣದು ಸಾಕು. ಮೂತಿ ಒಂದು ಕೂದಲೆಳೆ ಮೇಲಿರಲಿ. ತಗ್ಗಿದ್ರೆ ಮುಂದಕ್ಕೆ ಜಾರ್ತಾ ಮುಂಗೈ ನೋಯಿಸ್ಕೊಳ್ತೀರ. ಬೀದಿ ಕೊನೇವರೆಗೆ ಹೋಗಿ ಬಂದು ತೀರ್ಪು ಕೊಡಬೇಡಿ. ಅರ್ಧ ಗಂಟೆ ತುಳಿದ ಮೇಲೆ ಎಲ್ಲಿ ನೋಯುತ್ತೆ ಅಂತ ನೋಡಿ. ಎರಡು ಮೂಳೆ ನೋಯ್ತಿದ್ರೆ ಚಿಂತೆಯಿಲ್ಲ. ನಡುವೆ ಜೋಮು ಹಿಡಿದ್ರೆ ಆ ಸೀಟು ನಿಮ್ಮದಲ್ಲ.

ಅಯ್ಯೋ, ಅದೇನು ಕೈಲಿ? ಹರಳೆಣ್ಣೆಯಾ? ಒಳಗಿಡಿ ಮಾರಾಯ್ರೇ! ಎಣ್ಣೆ ಕುಡಿದ ಚರ್ಮ ಮೆತ್ತಗಾಗಿ ತೊಟ್ಟಿಲ ಹಾಗೆ ತೂಗುತ್ತೆ. ಇದಕ್ಕೆ ಬ್ರೂಕ್ಸ್‌ನವರದೇ ಪ್ರೂಫೈಡ್ ಅಂತ ಗಟ್ಟಿ ಮುಲಾಮು ಇದೆ, ಕೊಬ್ಬು, ಜೇನುಮೇಣ ಸೇರಿಸಿದ್ದು. ಅಪರೂಪಕ್ಕೆ ತೆಳ್ಳಗೆ ಸವರಿ ಒರೆಸಿದ್ರೆ ಸಾಕು. ಮಳೆ ಬಂದ್ರೆ ಪ್ಲಾಸ್ಟಿಕ್ ಕವರ್ ಕಟ್ಟಿ.

ನನ್ನ ಮಾತು ಕೇಳೋದಾದ್ರೆ, ಸೈಕಲ್ ಇಟ್ಕೊಳ್ಳಿ, ಸೀಟು ಅವನಿಗೇ ವಾಪಸ್ ಕೊಟ್ಟು ದುಡ್ಡು ಕೇಳಿ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದೇ ತಗೊಳ್ಳಿ.