ಅಫಜಲಪುರ ಮುಗಿಸಿದ ಕಥೆ

ಜೇವರ್ಗಿಯ ಮನೆಯ ಪಡಸಾಲೆಯಲ್ಲಿ ಕೂತು ಬೆಂಗಳೂರಿನ ಸರ್ವರ್ ಸಾಕುವವನು ನಾನು. ಮಧ್ಯಾಹ್ನ ಕರೆಂಟು ಹೋಗುತ್ತದೆ, ಅದರ ಬೆನ್ನಿಗೆ ನೆಟ್ಟು, ಅದರ ಬೆನ್ನಿಗೆ ಮೂರು ತಾಸಿನಿಂದ ಓಡುತ್ತಿದ್ದ ಬ್ಯಾಕಪ್ಪು. ಲಾಗಿನ್ ಕಡಿದರೆ ಆ ಕಡೆಯ ಯಂತ್ರ ‘ಹ್ಯಾಂಗಪ್’ ಎಂಬ ಸಂಕೇತ ಕಳಿಸಿ ಕೆಲಸವನ್ನೇ ಮಲಗಿಸುತ್ತದೆ. ಟೆಲಿಫೋನ್ ತಂತಿಯ ಮೇಲೆ ಲಾಗಿನ್ ಆಗುತ್ತಿದ್ದ ಕಾಲದವರು ರಿಸೀವರ್ ಕುಕ್ಕುವುದಕ್ಕೆ ಇಟ್ಟ ಹೆಸರು. ಎರಡು ಸಲ ಅತ್ತ ಮೇಲೆ ಟೀಮಕ್ಸ್ ಎಂಬ ತಂತ್ರಾಂಶ ಕಲಿತೆ. 1987ರ ‘ಸ್ಕ್ರೀನ್’ಗೆ ತಮ್ಮ, 2007ರಲ್ಲಿ ಹುಟ್ಟಿದವನು. ಒಂದೇ ಲಾಗಿನ್ನಿನೊಳಗೆ ಬೇಕಾದಷ್ಟು ಸೆಷನ್. ಕಂಟ್ರೋಲ್-ಬಿ ಒತ್ತಿ ಡಿ ಒತ್ತಿದರೆ ನಾವು ಹೊರಗೆ, ಕೆಲಸ ಒಳಗೆ. ಮತ್ತೆ ‘ಅಟ್ಯಾಚ್’ ಎಂದರೆ ಎಲ್ಲಾ ಬಿಟ್ಟಲ್ಲೇ.

ಹೆಸರಿಡದಿದ್ದರೆ ಅದು ಸೊನ್ನೆ, ಒಂದು, ಎರಡು ಎಂದು ಎಣಿಸುತ್ತದೆ. ಯಾವುದರಲ್ಲಿ ಏನಿತ್ತೆಂದು ನನಗೆ ನೆನಪುಳಿಯದು. ಅದಕ್ಕೇ ನಮ್ಮ ಕಡೆಯ ಊರುಗಳ ಹೆಸರಿಟ್ಟು ಜಾಣತನ ಮಾಡಿದೆ: ಬ್ಯಾಕಪ್ಪಿಗೆ ಆಳಂದ, ಲಾಗ್ ನೋಡಲು ಜೇವರ್ಗಿ, ಹುಡುಗಾಟದ ಪ್ರಯೋಗಗಳಿಗೆ ಅಫಜಲಪುರ.

ಮಳೆಗಾಲದ ಒಂದು ಸಂಜೆ ಮೆಮೊರಿ ತುಂಬಿತು. ಫೋನಿನಲ್ಲಿ ಬೆಂಗಳೂರಿನ ಸಹೋದ್ಯೋಗಿ. ‘ನಿಮ್ ಕಡೆ ಇನ್ನೂ ಕರೆಂಟ್ ಹೋಗುತ್ತಾ?’ ಎಂದು ವಾರಕ್ಕೊಮ್ಮೆ ಹೊಸದಾಗಿ ಆಶ್ಚರ್ಯಪಡುವ ಪುಣ್ಯಾತ್ಮ. ಒದರದಿದ್ದರೆ ಅವನಿಗೆ ಕೇಳಿಸದು. ಒದರಿದೆ:

“ಅಫಜಲಪುರ ತುಂಬ್ಯಾದ! ತಡಕೋವಲ್ದು!”

ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತಿದ್ದ ಮುತ್ಯಾನ ಹೆಬ್ಬೆರಳು ಅಂಗೈಯಲ್ಲೇ ನಿಂತದ್ದು ಕಿಟಕಿಯಿಂದ ಕಂಡಿತು. ಕಂಡೂ ಮುಂದುವರಿಸಿದೆ.

“ಜೇವರ್ಗಿ ಇನ್ನಾ ಉಳದಾದ. ಆಳಂದಕ್ಕೇನೂ ಆಗಿಲ್ಲ.”

ಆಳಂದ ಭೀಮಾ ನದಿಗೆ ದೂರ. ಮುತ್ಯಾ ಹೌದೆಂದು ತಲೆಯಾಡಿಸಿದ.

“ಕಿಲ್ ಮಾಡಿ ಬಿಸಾಕಿ ಸಾರ್!”

“ಆತು, ಅಫಜಲಪುರ ಮುಗಸ್ತೀನಿ.” ಎಂಟರ್ ಕುಟ್ಟಿದೆ. “ಹೋತು! ಪೂರಾ ಹೋತು!”

ಐದು ನಿಮಿಷದಲ್ಲಿ ಬಾಗಿಲ ತುಂಬ ಓಣಿ. ಅವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದಳು. ಮುತ್ಯಾ ಅಫಜಲಪುರದ ಕಡೆಯ ತಂಗಿಗೆ ಫೋನು ಹಚ್ಚಿದ್ದ: “ಯವ್ವಾ, ಎಮ್ಮಿ ಬಿಚ್ಚು, ಮಾಳಗಿ ಹತ್ತು. ನಮ್ ಹುಡುಗ ಕಂಪ್ಯೂಟರ್‌ದಾಗ ನೋಡ್ಯಾನ.” ಆಚೆಯಿಂದ ಯಾರೋ, “ಸೊನ್ನ ಬ್ಯಾರೇಜಿಂದು ಎಷ್ಟ್ ಗೇಟ್ ತೆಗದಾರಂತ, ಕೇಳ್ರಿ ಆ ಹುಡುಗಗ!”

“ಮುತ್ಯಾ, ಅದು ಊರಲ್ಲ, ಸೆಷನ್ನು!”

“ಸೆಷನ್ ಕೋರ್ಟಿನಾಗೂ ನೀರ್ ಹೊಕ್ಕಾವ?”

ಕೂರಿಸಿ ತಿಳಿಹೇಳಿದೆ: ನಾ ಹೊರಗ ಬಂದ್ರೂ ಒಳಗ ಕೆಲಸ ನಡೀತಾದ. “ಹಂಗಿದ್ರ ನಿನಗ್ಯಾಕ ಪಗಾರ?” ಎಂದ.

ಓಣಿ ನಕ್ಕಿತು. ಮುತ್ಯಾ ನಗಲಿಲ್ಲ. 2020ರ ಅಕ್ಟೋಬರಿನಲ್ಲಿ ಉಜನಿ ಜಲಾಶಯದ ನೀರು ಭೀಮೆಗೆ ಇಳಿದಾಗ ಆ ತಂಗಿ ಉಟ್ಟ ಸೀರೆಯಲ್ಲೇ ಮನೆ ಬಿಟ್ಟವಳು. ನೀರಿಳಿದ ಮೇಲೆ ಹೋದರೆ ಹೊಲದಲ್ಲಿ ತೊಗರಿ ಕೊಳೆತಿತ್ತು, ಗೋಡೆಯ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ. ಬಿಟ್ಟಿದ್ದು ಬಿಟ್ಟಲ್ಲೇ ಸಿಗುವ ಸುಖ ನನ್ನ ಸರ್ವರಿಗಷ್ಟೇ.

ಅಂದಿನಿಂದ ಊರ ಹೆಸರು ಬಿಟ್ಟೆ. ಸೊನ್ನೆ, ಒಂದು, ಎರಡು. ಮೊನ್ನೆ ಫೋನಿನಲ್ಲಿ “ಸೊನ್ನಿ ತುಂಬ್ಯಾದ” ಎಂದೆ.

ಕಟ್ಟೆಯ ಮೇಲೆ ತಂಬಾಕು ತಿಕ್ಕುವ ಸದ್ದು ನಿಂತಿತು.