ಬಾಲ್ಕನಿ ತಿಪ್ಪೆ ಮೀಮಾಂಸೆ

ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆಯ ಕನಸು ಕಂಡವನನ್ನು ಹಿಂದಿನವರು ಗಾದೆ ಕಟ್ಟಿ ನಕ್ಕರು. ಈಗಿನವರು ಉಪ್ಪರಿಗೆಯಲ್ಲೇ ತಿಪ್ಪೆ ಸ್ಥಾಪಿಸಿರುವುದರಿಂದ ಹೊಸ ಶಾಸ್ತ್ರವೊಂದು ಅಗತ್ಯವಾಗಿದೆ.

ವಿಷಯ: ಬೆಂಗಳೂರಿನ ಫ್ಲ್ಯಾಟಿನಲ್ಲಿ, ವಾಷಿಂಗ್ ಮೆಷೀನಿಗೂ ತುಳಸಿ ಕುಂಡಕ್ಕೂ ನಡುವೆ ಕೂತಿರುವ ತೂತಿನ ಡ್ರಮ್ಮು. ಒಳಗೆ ಸೋರೆಕಾಯಿ ಸಿಪ್ಪೆ, ಫಿಲ್ಟರಿನಿಂದ ನಿವೃತ್ತವಾದ ಕಾಫಿ ಗಷ್ಟು, ಬಾಡಿದ ಕನಕಾಂಬರ.

ಸಂಶಯ: ಇದು ಕಸವೋ, ರಸವೋ?

ಪೂರ್ವಪಕ್ಷ: 'ಕಸವೆಂಬುದು ಮಾಯೆ, ಬೆಳಿಗ್ಗೆ ಆಟೋಗೆ ಸುರಿದೊಡನೆ ಇಲ್ಲವಾಗುತ್ತದೆ' ಎಂಬುದು ಮೂರನೇ ಮಹಡಿಯ ಅದ್ವೈತಿಗಳ ಮತ. ಇದು ಸಲ್ಲದು. ಕಸ ಇಲ್ಲವಾಗುವುದಿಲ್ಲ, ಊರು ಬದಲಿಸುತ್ತದೆ. ನಗರದ ಕಸ ಹೋಗಿ ಬೀಳುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನರಿಗೆ ಇದು ಪ್ರತ್ಯಕ್ಷ ಪ್ರಮಾಣದಿಂದ, ಅಂದರೆ ಮೂಗಿನಿಂದ, ಸಿದ್ಧವಾಗಿತ್ತು. 2012ರಲ್ಲಿ ಅವರು 'ಇನ್ನು ಸಾಕು' ಎಂದಾಗ ರಾಜಧಾನಿಯ ಬೀದಿಬೀದಿಯಲ್ಲಿ ಮಾಯೆ ರಾಶಿ ಬಿದ್ದು ನಾರಿತು.

ಸಿದ್ಧಾಂತ:

ಸೂತ್ರ 1. ಹಸಿಯ ಮೇಲೆ ಒಣ.
ಭಾಷ್ಯ: ಹಸಿ ಕಸದಲ್ಲಿ ಸಾರಜನಕ ಹೆಚ್ಚು, ತರಗೆಲೆ, ತೆಂಗಿನ ನಾರಿನ ಪುಡಿಯಲ್ಲಿ ಇಂಗಾಲ ಹೆಚ್ಚು. ಸಾರಜನಕ 1 ಪಾಲಿಗೆ ಇಂಗಾಲ ಸುಮಾರು 30 ಪಾಲಿದ್ದರೆ ಜಾತಕ ಕೂಡಿದಂತೆ. ಒಣ ಕಮ್ಮಿಯಾದರೆ ರಾಶಿ ನೀರಾಡಿ, ಗಾಳಿಯಾಡದೆ ಕೊಳೆತು ನಾರುತ್ತದೆ, ಎದುರುಮನೆಯವರು ತತ್ತ್ವಜಿಜ್ಞಾಸೆಗೆ ಬಾಗಿಲು ಬಡಿಯುತ್ತಾರೆ.

ಸೂತ್ರ 2. ಕೆದಕುತ್ತಿರು.
ಭಾಷ್ಯ: ವಾರಕ್ಕೊಂದೆರಡು ಸಲ ಕೋಲಾಡಿಸಬೇಕು. ಪರರ ಸಂಸಾರ ಕೆದಕಲು ವ್ಯಯಿಸುವ ಶಕ್ತಿಯಲ್ಲಿ ಹತ್ತನೇ ಒಂದು ಪಾಲು ಸಾಕು. ಗಾಳಿ ಸಿಕ್ಕ ಸೂಕ್ಷ್ಮಜೀವಿಗಳು ಉಂಡು ರಾಶಿಯನ್ನು ಬೆಚ್ಚಗಾಗಿಸುತ್ತವೆ. ಹೆಪ್ಪಿಗೆ ಹುಳಿ ಮಜ್ಜಿಗೆ ಆದೀತೆಂದು ಅತ್ತೆಯವರ ಮತ, ಇದಕ್ಕೆ ಪ್ರತಿವಾದಿಗಳಿಲ್ಲ.

ಸೂತ್ರ 3. ಹುಳ ಕಂಡು ಓಡಬೇಡ.
ಭಾಷ್ಯ: ಮಾಸಲು ಬಣ್ಣದ ಆ ದಪ್ಪ ಹುಳುಗಳು ಕಪ್ಪು ಸೈನಿಕ ನೊಣದ ಮರಿಗಳು. ಕಚ್ಚವು, ಬಾಡಿಗೆ ಬಾಕಿ ಇಡವು, ಬಡಿಸಿದ್ದಕ್ಕೆ ಹೆಸರಿಡವು. ಇಂಥ ಬಾಡಿಗೆದಾರರು ಈ ಊರಿನಲ್ಲಿ ದುರ್ಲಭ.

ಫಲಶ್ರುತಿ: ಎರಡು ಮೂರು ತಿಂಗಳಲ್ಲಿ ನಾತವಿಲ್ಲದ, ಮಣ್ಣಿನ ವಾಸನೆಯ ಕಪ್ಪು ಪುಡಿ ಕೈಗೆ ಬರುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉದುರುದುರು. ಸೋರೆ ಸಿಪ್ಪೆಯ ಗುರುತೇ ಇರದು. ಮಣ್ಣಿಗೆ ಬೆರೆಸಿದರೆ ಕುಂಡದ ಕರಿಬೇವು ಚಿಗುರುತ್ತದೆ. ಅವಸರಪಟ್ಟು ಅರೆಬೆಂದದ್ದನ್ನು ಹಾಕಿದರೆ ಬೇರಿಗೇ ಕೇಡು. ಅರೆಬೆಂದ ಗೊಬ್ಬರ ಗಿಡ ಕೆಡಿಸುತ್ತದೆ, ಅರೆಬೆಂದ ಪ್ರಬಂಧ ಡಾಕ್ಟರೇಟ್ ಕೊಡಿಸುತ್ತದೆ, ಭೇದ ಇಷ್ಟೇ.

ಆದ್ದರಿಂದ ವಿದ್ವಾಂಸರೇ, ಮೊದಲು ಡ್ರಮ್ಮಿಗೆ ತೂತು ಹೊಡೆಯಿರಿ. ವಿಚಾರ ಸಂಕಿರಣ ಆಮೇಲೆ ಇಟ್ಟುಕೊಳ್ಳೋಣ. ಅಲ್ಲಿ ಮಿಕ್ಕ ಊಟದೆಲೆಗಳನ್ನೂ ಇದಕ್ಕೇ ಹಾಕಬಹುದು.